ಮೊದಲ ಸಲ ಮತ ಹಾಕಿ ಬಂದೆ: ಮಾಜಿ ಸೈನಿಕರ ಋಣವನ್ನು ಹೇಗೆ ನೆನೆಯಬೇಕು?

ಸೋಮವಾರಪೇಟೆಯ ಮೊಮ್ಮಗಳು | 28 ಏಪ್ರಿಲ್ 2024

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಕಳೆದ ವರ್ಷ ಮೇ 10ರಂದು ವಿಧಾನಸಭೆಗೆ ಮತದಾನ ನಡೆದಾಗ ನನಗೆ ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳು ಬಾಕಿಯಿತ್ತು. ಮನೆಯವರೆಲ್ಲ ಶಾಯಿ ಹಚ್ಚಿದ ಬೆರಳು ತೋರಿಸಿಕೊಂಡು ಬಂದಾಗ ಹೊಟ್ಟೆಕಿಚ್ಚು ಪಡುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ಆಮೇಲೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ಭರ್ತಿ ಮಾಡಿಕೊಟ್ಟು, ನಮ್ಮ ಭಾಗದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿರುವ ಅಂಗನವಾಡಿ ಅಕ್ಕನನ್ನು ಕಂಡಾಗಲೆಲ್ಲ ನೆನಪಿಸಿ, ವರ್ಷ ಮುಗಿಯುವಷ್ಟರಲ್ಲಿ ಗುರುತಿನ ಚೀಟಿ ಪಡೆದುಕೊಂಡೆ. ಮೊನ್ನೆ ಶುಕ್ರವಾರ, ಏಪ್ರಿಲ್ 26ರಂದು, ಮೈಸೂರು-ಕೊಡಗು ಲೋಕಸಭಾ ಕ್ಷೇತ್ರಕ್ಕೆ ನನ್ನ ಮೊದಲ ಮತ ಹಾಕಿದೆ.

ಅದನ್ನು ಹೇಳಿಕೊಳ್ಳುವುದಕ್ಕಷ್ಟೇ ಆಗಿದ್ದರೆ ಒಂದು ಫೋಟೊ ಸಾಕಾಗುತ್ತಿತ್ತು. ಆದರೆ ಮತಗಟ್ಟೆಯೊಳಗೆ ಕಂಡ ಒಂದು ಸಂಗತಿ ಎರಡು ದಿನಗಳಿಂದ ತಲೆಯಿಂದ ಹೋಗುತ್ತಿಲ್ಲ.

ನನ್ನ ಅಜ್ಜ 1964ರಲ್ಲಿ ಬೆಂಗಳೂರಿನ ಹಲಸೂರಿನಲ್ಲಿರುವ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿ, 1988ರಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಅವರ ಎಡಗೈಯಲ್ಲಿ ತೋರುಬೆರಳಿಲ್ಲ. ಚಿಕ್ಕವಳಿದ್ದಾಗ ಕೇಳಿದರೆ ‘ಇಲಿ ಕಚ್ಚಿಕೊಂಡು ಹೋಯಿತು’ ಎನ್ನುತ್ತಿದ್ದರು. ಸ್ವಲ್ಪ ದೊಡ್ಡವಳಾದ ಮೇಲೆ ಕೇಳುವುದನ್ನೇ ಬಿಟ್ಟಿದ್ದೆ. ಮನೆಯ ಗೋಡೆಯ ಬಿರುಕು ಮನೆಯವರ ಕಣ್ಣಿಗೆ ಬೀಳುವುದು ನಿಂತುಹೋಗುವ ಹಾಗೆ ಆ ಕೈಯೂ ಕಾಣಿಸದೆ ಹೋಗಿತ್ತು.

ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ ಇದ್ದರೂ ಒಳಗೆ ಬಿಡುವಾಗ ನಾವಿಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೋದೆವು. ಮೊದಲನೆಯ ಮೇಜಿನವರು ಹೆಸರನ್ನು ಗಟ್ಟಿಯಾಗಿ ಕೂಗಿದರು. ಎರಡನೆಯ ಮೇಜಿನಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಅಧಿಕಾರಿ ಶಾಯಿಯ ಕಡ್ಡಿ ಹಿಡಿದು ಕುಳಿತಿದ್ದರು. ನನ್ನ ಬೆರಳಿಗೆ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಸರ್ರನೆ ಗೀರಿ, ತಲೆಯೆತ್ತದೆಯೇ ಮುಂದಿನವರ ಕೈಗೆ ಕೈ ಚಾಚಿದರು. ಅಜ್ಜ ಎಡಗೈ ಮೇಜಿನ ಮೇಲಿಟ್ಟರು. ಕಡ್ಡಿ ಬೆರಳಿರಬೇಕಾದ ಜಾಗದ ಮೇಲೆ ಬಂದು ನಿಂತಿತು. ಆಗ ಅವರು ತಲೆಯೆತ್ತಿ ಒಮ್ಮೆ ಅಜ್ಜನ ಮುಖ ನೋಡಿದರು, ಏನನ್ನೂ ಕೇಳಲಿಲ್ಲ, ತಮ್ಮ ಇನ್ನೊಂದು ಕೈಯಿಂದ ಅಜ್ಜನ ಕೈಯನ್ನು ಮೆಲ್ಲನೆ ಹಿಡಿದುಕೊಂಡು ನಡುಬೆರಳಿಗೆ ಹಚ್ಚಿದರು. ಅಷ್ಟೇ. ಹಿಂದಿನ ಸಾಲಿಗೆ ಅದು ಗೊತ್ತೂ ಆಗಲಿಲ್ಲ.

ಮನೆಗೆ ನಡೆದುಕೊಂಡು ಬರುವಾಗ ಮೊದಲ ಬಾರಿಗೆ ಸರಿಯಾಗಿ ಕೇಳಿದೆ, ಅವರೂ ಮೊದಲ ಬಾರಿಗೆ ಸರಿಯಾಗಿ ಹೇಳಿದರು. ಅದು 1971ರ ಯುದ್ಧದಲ್ಲಿ ಹೋದ ಬೆರಳಲ್ಲವಂತೆ. ಯುದ್ಧ ಮುಗಿದು, ಎಲ್ಲರೂ ಸಂಭ್ರಮ ಮುಗಿಸಿ ಮನೆಗೆ ಹೋದ ಮೇಲೆ, 1972ರಲ್ಲಿ ಶಕರ್‌ಗಢದ ಕಡೆಯ ಗಡಿಯ ಹೊಲಗಳಲ್ಲಿ ಹುಗಿದಿದ್ದ ಮೈನುಗಳನ್ನು ತೆಗೆಯುವಾಗ ಒಂದು ಡಿಟೊನೇಟರ್ ಕೈಯಲ್ಲೇ ಸಿಡಿದು ಹೋದದ್ದು. ಇನ್ನೊಂದು ಮಾತನ್ನೂ ಹೇಳಿದರು. 24 ವರ್ಷಗಳ ಸೇವೆಯಲ್ಲಿ ಅವರು ಒಂದೇ ಒಂದು ಸಲವೂ ಮತಗಟ್ಟೆಯ ಒಳಗೆ ಕಾಲಿಟ್ಟಿರಲಿಲ್ಲ. ಅಂಚೆ ಮತಪತ್ರ ಬಂದದ್ದು ಎರಡು ಸಲವಂತೆ, ಅದರಲ್ಲಿ ಒಂದು ಚುನಾವಣೆ ಮುಗಿದ ಮೇಲೆ. ಬೆರಳಿಗೆ ಮೊದಲ ಸಲ ಶಾಯಿ ತಾಗಿದ್ದು ಊರಿಗೆ ಬಂದ ಮೇಲೆ, 1989ರ ನವೆಂಬರಿನಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದ ಮೇಲೆ ನಡೆದ ಮೊದಲ ಲೋಕಸಭಾ ಚುನಾವಣೆ ಅದು. ಹಾಗಾಗಿ ಅವರ ಸಾಲಿನಲ್ಲಿ ಮುಂದೆ ನಿಂತವನೂ ಮೊದಲ ಸಲ ಬಂದ ಹುಡುಗನೇ ಆಗಿದ್ದನಂತೆ. ‘ಆವತ್ತೂ ನಡುಬೆರಳಿಗೇ ಹಚ್ಚಿದ್ದು’ ಎಂದು ನಕ್ಕರು.

ಸೈನಿಕರ ಬಗ್ಗೆ ನನಗೆ ಗೌರವವಿರಲಿಲ್ಲವೆಂದಲ್ಲ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಪ್ರತಿಮೆಗಳನ್ನು ನೋಡುತ್ತ, ಅವರ ಮೇಲೆ ಭಾಷಣ ಸ್ಪರ್ಧೆಗಳಲ್ಲಿ ಮಾತಾಡುತ್ತ ಬೆಳೆಯುವ ಜಿಲ್ಲೆ ನಮ್ಮದು. ಆದರೆ ನಾನು ಎರಡು ನಿಮಿಷದಲ್ಲಿ ಮಾಡಿ ಮುಗಿಸಿದ ಕೆಲಸವನ್ನು ಮಾಡಲು ನಮ್ಮ ಮನೆಯ ಒಬ್ಬ ಮನುಷ್ಯ ಇಪ್ಪತ್ತನಾಲ್ಕು ವರ್ಷ ಕಾಯಬೇಕಾಯಿತು ಎನ್ನುವುದು ಯಾವ ಭಾಷಣದಲ್ಲೂ ಬಂದಿರಲಿಲ್ಲ. ಇದಕ್ಕೆ ಕೃತಜ್ಞತೆ ಹೇಳುವುದು ಹೇಗೆ? ಅಜ್ಜನಿಗೆ ನೇರವಾಗಿ ‘ಥ್ಯಾಂಕ್ಸ್’ ಎಂದರೆ ಬೈಸಿಕೊಳ್ಳುವುದು ಖಂಡಿತ. ಇಲ್ಲಿ ಸೈನ್ಯದಲ್ಲಿದ್ದು ಬಂದ ಹಿರಿಯರಿದ್ದರೆ, ನಿಮ್ಮ ಅನುಭವವನ್ನು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಬನಶಂಕರಿ ಎರಡನೇ ಹಂತ | 28 ಏಪ್ರಿಲ್ 2024

ನಿಮ್ಮ ಬರಹ ಓದಿ ನಾಚಿಕೆಯಾಯಿತು. ಶುಕ್ರವಾರ ರಜೆ ಬಂತೆಂದು ನಾವು ಐದು ಜನ ಗೆಳೆಯರು ಗುರುವಾರ ರಾತ್ರಿಯೇ ಗೋಕರ್ಣದ ಬಸ್ಸು ಹತ್ತಿದ್ದೆವು. ನನಗೂ ಅದು ಮೊದಲ ಮತವಾಗಬೇಕಿತ್ತು. ಬೆಂಗಳೂರು ನಗರದ ಮೂರು ಕ್ಷೇತ್ರಗಳಲ್ಲಿ ಮತ ಹಾಕಿದವರು ಅರ್ಧಕ್ಕಿಂತ ಸ್ವಲ್ಪವಷ್ಟೇ ಹೆಚ್ಚು ಎಂದು ಸುದ್ದಿಯಲ್ಲಿ ಓದುವಾಗ, ಉಳಿದರ್ಧದಲ್ಲಿ ನಾನೂ ಒಬ್ಬನೆಂದು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಹಾಸನದ ಮೇಡಂ | 29 ಏಪ್ರಿಲ್ 2024

ನಾನು ಪ್ರೌಢಶಾಲಾ ಶಿಕ್ಷಕಿ. ಈವರೆಗೆ ಒಂಬತ್ತು ಚುನಾವಣೆಗಳಲ್ಲಿ ಕರ್ತವ್ಯ ನಿರ್ವಹಿಸಿದ್ದೇನೆ, ಮೊನ್ನೆಯದೂ ಸೇರಿ. ನೀವು ಕಂಡ ಆ ಕ್ಷಣದ ಹಿಂದೆ ಒಂದು ನಿಯಮವಿದೆ ಎಂಬುದನ್ನು ತಿಳಿಸಲು ಬರೆಯುತ್ತಿದ್ದೇನೆ. ಚುನಾವಣೆಗಳ ನಿರ್ವಹಣಾ ನಿಯಮಗಳಲ್ಲಿ ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಬೇಕೆಂದು ಹೇಳಿದ ಕಡೆಯಲ್ಲೇ, ಆ ಬೆರಳು ಇಲ್ಲದವರಿಗೆ ಎಡಗೈಯ ಬೇರೆ ಯಾವುದಾದರೂ ಬೆರಳಿಗೆ, ಎಡಗೈಯಲ್ಲಿ ಬೆರಳುಗಳೇ ಇಲ್ಲದಿದ್ದರೆ ಬಲಗೈಯ ಬೆರಳಿಗೆ ಹಚ್ಚಬೇಕೆಂದೂ ಬರೆದಿದೆ. ತರಬೇತಿಯಲ್ಲಿ ಇದನ್ನು ಅರ್ಧ ನಿಮಿಷದಲ್ಲಿ ಓದಿ ಮುಗಿಸುತ್ತಾರೆ. ಹೆಚ್ಚಿನವರು ಬರೆದುಕೊಳ್ಳುವುದೂ ಇಲ್ಲ. ನೀವು ಕಂಡ ಆ ಅಧಿಕಾರಿ ನೆನಪಿಟ್ಟುಕೊಂಡಿದ್ದರು.

ಹಿಂದಿನ ದಿನವೇ ಯಂತ್ರಗಳನ್ನು ಹೊತ್ತು ಮತಗಟ್ಟೆಗೆ ಬಂದು, ಶಾಲೆಯ ಬೆಂಚುಗಳ ಮೇಲೆ ಮಲಗಿ, ಬೆಳಗಿನ ಜಾವ ಎದ್ದು, ಅಭ್ಯರ್ಥಿಗಳ ಏಜೆಂಟರ ಮುಂದೆ ಕನಿಷ್ಠ ಐವತ್ತು ಅಣಕು ಮತಗಳನ್ನು ಹಾಕಿ ತೋರಿಸಿ, ಅವನ್ನೆಲ್ಲ ಅಳಿಸಿ, ಏಳು ಗಂಟೆಗೆ ಬಾಗಿಲು ತೆರೆಯುವಷ್ಟರಲ್ಲಿ ನಮಗೆ ಅರ್ಧ ದಿನ ಮುಗಿದಂತಾಗಿರುತ್ತದೆ. ಶಾಯಿಯ ಸೀಸೆ ಉರುಳದಿರಲೆಂದು ಒಂದು ಡಬ್ಬಿಯಲ್ಲಿ ಮರಳು ತುಂಬಿ ಅದರಲ್ಲಿ ಊರಿ ನಿಲ್ಲಿಸುತ್ತೇವೆ. ಆ ಶಾಯಿ ನಮ್ಮ ಮೈಸೂರಿನದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಕರೆಯುವ ಕಾರ್ಖಾನೆ 1962ರಿಂದ ಇಡೀ ದೇಶದ ಚುನಾವಣೆಗಳಿಗೆ ಅದನ್ನು ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿ ಬೆಳಕು ಕಂಡಮೇಲೆ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ, ಉಗುರು ಬೆಳೆದೇ ಹೋಗಬೇಕು. ಸಂಜೆಯ ಹೊತ್ತಿಗೆ ಹಚ್ಚುವವರ ಬೆರಳುಗಳೂ ಹಾಗೇ ಆಗಿರುತ್ತವೆ.

ಮಾಜಿ ಸೈನಿಕರನ್ನು ನಾವು ಮೇಜಿನ ಈ ಕಡೆಯಿಂದ ಬೇಗ ಗುರುತಿಸುತ್ತೇವೆ. ಗುರುತಿನ ಚೀಟಿಯ ಬದಲು ಫೋಟೊ ಇರುವ ಪಿಂಚಣಿ ದಾಖಲೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಡಿಕೆಯಿಲ್ಲದೆ ಇಟ್ಟುಕೊಂಡು ಬರುವವರು, ಹೆಸರು ಕೂಗಿದ ಕೂಡಲೇ ‘ಹಾಜರ್’ ಎನ್ನುವವರು ಸಾಮಾನ್ಯವಾಗಿ ಅವರೇ. ರಿಜಿಸ್ಟರಿನಲ್ಲಿ ಸಹಿ ಮಾಡುವಾಗಲೂ ನೋಡಿದ್ದೇನೆ, ಗೆರೆ ದಾಟುವುದಿಲ್ಲ.

ನಿವೃತ್ತ ಹವಾಲ್ದಾರ್, ಕುಂದಗೋಳ ತಾಲೂಕು | 29 ಏಪ್ರಿಲ್ 2024

ತಂಗಿ, ನಿಮ್ಮ ಅಜ್ಜನವರಿಗೆ ಮೊದಲು ನನ್ನ ನಮಸ್ಕಾರ ತಿಳಿಸಿರಿ. ನಾನು 2008ರಲ್ಲಿ ನಿವೃತ್ತನಾದವನು. ನಮಗೆ ಮತದಾನ ರಾಜ್ಯದ ಎರಡನೆಯ ಹಂತದಲ್ಲಿ, ಮೇ 7ರಂದು ಇದೆ.

ಅಂಚೆ ಮತಪತ್ರ ಯಾಕೆ ತಡವಾಗುತ್ತಿತ್ತೆಂದು ಬಹಳ ಜನರಿಗೆ ತಿಳಿದಿಲ್ಲ. ಅಭ್ಯರ್ಥಿಗಳು ನಾಮಪತ್ರ ಹಿಂದಕ್ಕೆ ಪಡೆಯುವ ದಿನ ಮುಗಿಯದೆ ಮತಪತ್ರವನ್ನು ಅಚ್ಚು ಹಾಕಲು ಬರುವುದಿಲ್ಲ. ಅಲ್ಲಿಂದ ಮತದಾನಕ್ಕೆ ಹೆಚ್ಚುಕಡಿಮೆ ಎರಡು ವಾರ. ಅಷ್ಟರೊಳಗೆ ಆ ಕಾಗದ ಧಾರವಾಡದಿಂದ ಹೊರಟು, ಸೈನಿಕರ ದಾಖಲೆಗಳನ್ನಿಡುವ ರೆಕಾರ್ಡ್ ಆಫೀಸನ್ನು ಕಂಡು, ನಮ್ಮ ಯೂನಿಟ್ ಈಗ ಎಲ್ಲಿದೆ ಎಂದು ಹುಡುಕಿಕೊಂಡು, ಬೆಟ್ಟ ಹತ್ತಿ ಪೋಸ್ಟಿಗೆ ಬರಬೇಕು. ಬಂದ ಮೇಲೆ ಅಧಿಕಾರಿಯ ಎದುರು ಘೋಷಣೆಗೆ ಸಹಿ ಮಾಡಿ, ಒಂದು ಲಕೋಟೆಯೊಳಗೆ ಇನ್ನೊಂದು ಲಕೋಟೆ ಇಟ್ಟು, ಬಂದ ದಾರಿಯಲ್ಲೇ ತಿರುಗಿ ಕಳಿಸಬೇಕು. ಎಣಿಕೆಯ ದಿನ ಬೆಳಿಗ್ಗೆ ಎಂಟರೊಳಗೆ ಮುಟ್ಟದಿದ್ದರೆ ಅದು ಮತವೇ ಅಲ್ಲ.

1999ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದಾಗ ನಾನು ಕಾಶ್ಮೀರದ ಕಣಿವೆಯಲ್ಲಿದ್ದೆ. ಕಾರ್ಗಿಲ್ ಮುಗಿದು ಎರಡೇ ತಿಂಗಳಾಗಿತ್ತು. ಊರಿನಿಂದ ಬರುವ ಪತ್ರಗಳಲ್ಲೆಲ್ಲ ನಮ್ಮ ಹೊಗಳಿಕೆಯೇ ತುಂಬಿರುತ್ತಿತ್ತು. ಆ ಹೊಗಳಿಕೆಯ ಪತ್ರಗಳೆಲ್ಲ ಸಮಯಕ್ಕೆ ಸರಿಯಾಗಿ ಬಂದವು, ಮತಪತ್ರ ಮಾತ್ರ ಅಕ್ಟೋಬರ್ ಹತ್ತಕ್ಕೋ ಹನ್ನೊಂದಕ್ಕೋ ಕೈಸೇರಿತು. ಎಣಿಕೆ ಆರಕ್ಕೇ ಮುಗಿದಿತ್ತು. ನನ್ನ ಜೊತೆಗಾರ ಅದನ್ನು ಮಡಚಿ ಸ್ಟೋವಿನ ಕಾಲಿನ ಕೆಳಗೆ ಒತ್ತಿಟ್ಟ. ಸ್ಟೋವ್ ಆ ಚಳಿಗಾಲವೆಲ್ಲ ಅಲುಗಾಡಲಿಲ್ಲ. ಈಗ ಹೇಳುವಾಗ ನಗು ಬರುತ್ತದೆ, ಆವತ್ತು ಬಂದಿರಲಿಲ್ಲ.

ಕೃತಜ್ಞತೆಯ ಬಗ್ಗೆ ಕೇಳಿದ್ದೀರಿ. ನಮ್ಮ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್ನಿನ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದು, ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಆ ಊರಿಗೆ ಹರಿದುಬಂದ ಜನವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಸುಳ್ಳು ದುಃಖವಾಗಿರಲಿಲ್ಲ. ಆದರೆ ನಮ್ಮ ಜನಕ್ಕೆ ಸತ್ತ ಸೈನಿಕನನ್ನು ಗೌರವಿಸುವುದು ಗೊತ್ತಿದೆ, ಬದುಕಿ ಬಂದವನ ಜೊತೆ ಏನು ಮಾಡಬೇಕೆಂದು ಗೊತ್ತಿಲ್ಲ. ಪ್ರತಿ ನವೆಂಬರಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ಜೀವಿತ ಪ್ರಮಾಣಪತ್ರ ಕೊಡಲು ಎಂಬತ್ತರ ಮುದುಕರು ಬೆರಳಚ್ಚಿನ ಯಂತ್ರದ ಮುಂದೆ ನಿಂತಿರುತ್ತಾರೆ. ಹೊಲದ ಕೆಲಸಕ್ಕೆ ಸವೆದ ಬೆರಳು; ಯಂತ್ರ ಒಪ್ಪುವುದಿಲ್ಲ. ‘ಅಜ್ಜಾರ, ನಾಳೆ ಬರ್ರಿ’ ಎನ್ನುತ್ತಾರೆ. ಹೂವಿನ ಹಾರ ಬೇಡ ತಂಗಿ. ಆ ಯಂತ್ರದ ಹತ್ತಿರ ಯಾರಾದರೊಬ್ಬ ಓದಿದ ಹುಡುಗ ಬಂದು ನಿಂತರೆ ಸಾಕು.

ಇತಿಹಾಸದ ಮೇಷ್ಟ್ರು, ಮಂಗಳೂರು | 30 ಏಪ್ರಿಲ್ 2024

ಮೊದಲನೆಯ ಬರಹವೂ ಹವಾಲ್ದಾರರ ಬರಹವೂ ನನ್ನನ್ನು ಕಲಕಿದವು. ಆದರೂ ಇಲ್ಲಿ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತಿರುವುದನ್ನು ಬಿಡಿಸಿ ನೋಡಬೇಕೆನಿಸುತ್ತದೆ. ಮತ ಹಾಕಿದ ಸಂತೋಷ ಒಂದು, ಸೈನಿಕರ ಮೇಲಿನ ಕೃತಜ್ಞತೆ ಇನ್ನೊಂದು. ‘ಸೈನಿಕರಿಂದಾಗಿ ನಮಗೆ ಮತದ ಹಕ್ಕು ಸಿಕ್ಕಿತು’ ಎಂಬ ಮಾತನ್ನು ನಾವು ಎಷ್ಟು ಸುಲಭವಾಗಿ ಆಡುತ್ತೇವೆಂದರೆ, ಅದು ಚಾರಿತ್ರಿಕವಾಗಿ ನಿಜವಲ್ಲ ಎಂಬುದು ಮರೆತೇಹೋಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ಆಗ ದೇಶದ ಹೆಚ್ಚಿನ ಜನರಿಗೆ ಮತವಿರಲಿಲ್ಲ; ಮತವೆಂಬುದು ಬಹುಮಟ್ಟಿಗೆ ಆಸ್ತಿಗೆ, ತೆರಿಗೆಗೆ, ವಿದ್ಯೆಗೆ ಅಂಟಿಕೊಂಡಿತ್ತು. ಯುದ್ಧ ಗೆದ್ದದ್ದರಿಂದ ಅದು ಬದಲಾಗಲಿಲ್ಲ. ಬದಲಾದದ್ದು ವಯಸ್ಕರೆಲ್ಲರಿಗೂ ಮತದ ಹಕ್ಕು ಕೊಟ್ಟ ಸಂವಿಧಾನದ 326ನೆಯ ವಿಧಿಯಿಂದ. 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ ನಡೆದ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಜನ ಒಂದೇ ಏಟಿಗೆ ಮತದಾರರಾದರು, ಅಕ್ಷರ ಬಾರದವರೂ ಸೇರಿ. ನಿಮ್ಮ ಕೊಡಗನ್ನೇ ನೋಡಿ. ಆಗ ಅದು 24 ಸ್ಥಾನಗಳ ವಿಧಾನಸಭೆಯಿದ್ದ ಪ್ರತ್ಯೇಕ ರಾಜ್ಯ. ಮನೆಮನೆಯಲ್ಲೂ ಸೈನಿಕರಿದ್ದ ಆ ಜಿಲ್ಲೆಯ ಜನ 1952ರಲ್ಲಿ ಚರ್ಚಿಸಿದ್ದು ಸೈನ್ಯದ ಬಗ್ಗೆಯಲ್ಲ, ಮೈಸೂರಿನೊಂದಿಗೆ ಸೇರಬೇಕೋ ಬೇಡವೋ ಎಂಬುದರ ಬಗ್ಗೆ; ಬೇಡವೆಂದವರು ತಕ್ಕಡಿಯ ಗುರುತಿನಲ್ಲಿ ನಿಂತು ಒಂಬತ್ತು ಸ್ಥಾನ ಗೆದ್ದರು.

ಇನ್ನೂ ಒಂದು ಉದಾಹರಣೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಕಾರ್ಯಪ್ಪನವರು, ಸೈನ್ಯವನ್ನು ರಾಜಕಾರಣದಿಂದ ದೂರವಿಡಬೇಕೆಂದು ಪಟ್ಟುಹಿಡಿದವರು. ನಿವೃತ್ತರಾಗಿ ಬಹಳ ವರ್ಷಗಳಾದ ಮೇಲೆ, 1971ರಲ್ಲಿ, ಅವರು ಮುಂಬಯಿಯ ಕ್ಷೇತ್ರವೊಂದರಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಆ ಮತದಾರರು ಕೃತಘ್ನರಾಗಿದ್ದರೇ? ನನಗೆ ಹಾಗೆನಿಸುವುದಿಲ್ಲ. ಗೌರವ ಬೇರೆ, ಮತ ಬೇರೆ ಎಂದು ಅವರಿಗೆ ತಿಳಿದಿತ್ತು, ಅಷ್ಟೇ. ಸೈನಿಕರ ಭಾವಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲಿ ಪಕ್ಷಗಳಿಗೆ ಬರೆದು, 2019ರ ಮಾರ್ಚಿನಲ್ಲಿ ಮತ್ತೊಮ್ಮೆ ನೆನಪಿಸಬೇಕಾಗಿ ಬಂದದ್ದು ಏಕೆಂದು ಯೋಚಿಸಿ. ಮೊದಲ ಸಲದ ಮತದಾರರ ಕೃತಜ್ಞತೆ ಎಷ್ಟು ಶುದ್ಧವಾದದ್ದೋ, ಅದನ್ನು ಕೊಯ್ದುಕೊಳ್ಳಲು ಕಾದಿರುವವರು ಅಷ್ಟೇ ಜನ. ವಿದ್ಯಾರ್ಥಿನಿಯ ಮಾತಿನಲ್ಲಿ ತಪ್ಪಿದೆಯೆಂದು ನಾನು ಹೇಳುತ್ತಿಲ್ಲ; ಆ ಮಾತು ಮುಂದೆ ಯಾರ ಕೈಗೆ ಹೋಗುತ್ತದೆ ಎಂಬ ಬಗ್ಗೆ ಎಚ್ಚರವಿರಲಿ ಎನ್ನುತ್ತಿದ್ದೇನೆ.

ಘಟಪ್ರಭೆಯ ದಡದಿಂದ | 30 ಏಪ್ರಿಲ್ 2024

ಮೇಷ್ಟ್ರೇ, ಒಂದು ಹುಡುಗಿ ತನ್ನ ಅಜ್ಜನ ಕೈಯ ಬಗ್ಗೆ ಬರೆದರೆ ಅದಕ್ಕೂ ಅಡಿಟಿಪ್ಪಣಿ ಬೇಕೇ? 326ನೆಯ ವಿಧಿ ಕಾಗದದ ಮೇಲಿದೆ. ಆ ಕಾಗದದ ಸುತ್ತ ಒಂದು ಬೇಲಿ ಇದ್ದುದರಿಂದಲೇ ನಾವು ಎಪ್ಪತ್ತು ವರ್ಷ ಅದನ್ನು ಓದುತ್ತ ಕೂರಲು ಆಯಿತು. ನೆರೆಯ ದೇಶಗಳಲ್ಲಿ ಸಂವಿಧಾನ ಇರಲಿಲ್ಲವೇ?

ಇತಿಹಾಸದ ಮೇಷ್ಟ್ರು, ಮಂಗಳೂರು | 30 ಏಪ್ರಿಲ್ 2024

ಇತ್ತು, ಅದನ್ನು ಹಲವು ಬಾರಿ ಅಮಾನತಿನಲ್ಲಿಟ್ಟವರು ಅಲ್ಲಿಯ ಸೇನಾಧಿಪತಿಗಳೇ. ಹಾಗಾಗಿ ನನ್ನ ಕೃತಜ್ಞತೆ ಇರುವುದು ಇನ್ನೊಂದು ಜಾಗದಲ್ಲಿ. ನಮ್ಮ ಸೈನಿಕರು ಗಡಿ ಕಾದದ್ದಕ್ಕೆ ಎಷ್ಟೋ, ಗಡಿ ಕಾದು ಬಂದವರು ಚುನಾವಣೆ ಮುಗಿದ ಮೇಲೆ ಬ್ಯಾರಕ್ಕಿನಲ್ಲೇ ಉಳಿದದ್ದಕ್ಕೂ ಅಷ್ಟೇ. ಈ ಎರಡನೆಯದಕ್ಕೆ ಪದಕ ಕೊಡುವ ಪದ್ಧತಿ ಇಲ್ಲ. ಅಡಿಟಿಪ್ಪಣಿಯ ಚಟ ನನಗಿದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಛಾವಣಿಯ ಮನೆಯಿಂದ | 1 ಮೇ 2024

ನನ್ನ ಯಜಮಾನರು ಸೇವೆಯಲ್ಲಿದ್ದಾರೆ. ನಮ್ಮ ಊರು ಬಾಗಲಕೋಟೆ ಕ್ಷೇತ್ರಕ್ಕೆ ಸೇರಿದೆ, ನಾವು ಸದ್ಯ ಇರುವುದು ಉತ್ತರದ ಒಂದು ಸೇನಾ ಛಾವಣಿಯಲ್ಲಿ. ಸೇವಾ ಮತದಾರನ, ಅಂದರೆ ಸೇವೆಯಲ್ಲಿರುವ ಸೈನಿಕನ, ಜೊತೆ ವಾಸಿಸುವ ಹೆಂಡತಿಗೂ ಊರಿನ ಪಟ್ಟಿಯಲ್ಲಿ ಸೇವಾ ಮತದಾರಳಾಗುವ ಅವಕಾಶವಿರುವುದರಿಂದ, ನನಗೂ ಅಂಚೆ ಮತಪತ್ರವೇ ಬರುತ್ತದೆ. ಸೇನೆಯಲ್ಲಿರುವ ಹೆಣ್ಣುಮಗಳ ಗಂಡನಿಗೆ ಈ ಅವಕಾಶ ಇರಲಿಲ್ಲ. 2021ರಲ್ಲಿ ಕಾನೂನು ತಿದ್ದಿದ ಮೇಲೆ ಅವರಿಗೂ ಬಂತು.

ಹವಾಲ್ದಾರ್ ಅಣ್ಣ ಬರೆದ ತೊಂದರೆ ಈಗ ಅರ್ಧ ಕಡಿಮೆಯಾಗಿದೆ. 2016ರಿಂದ ಮತಪತ್ರ ಊರಿನಿಂದ ಅಂಚೆಯಲ್ಲಿ ಬರುವುದಿಲ್ಲ, ಕಂಪ್ಯೂಟರಿಗೇ ಬರುತ್ತದೆ. ಪಿನ್ ಹಾಕಿ ತೆರೆದು, ಯೂನಿಟ್ಟಿನಲ್ಲಿ ಅಚ್ಚು ತೆಗೆಯುತ್ತಾರೆ. ಆದರೆ ತಿರುಗಿ ಹೋಗುವುದು ಮಾತ್ರ ಇಂದಿಗೂ ಅಂಚೆಯಲ್ಲೇ. ನಮ್ಮ ಕಡೆ ನಾಮಪತ್ರ ಹಿಂಪಡೆಯುವ ದಿನ ಏಪ್ರಿಲ್ 22ಕ್ಕೆ ಮುಗಿಯಿತು, ಮತಪತ್ರ ಮುಂದಿನ ಎರಡು ಮೂರು ದಿನಗಳಲ್ಲಿ ಬಂತು. ಮೊನ್ನೆ ಊಟದ ಮೇಜಿನ ಮೇಲೆ ಹಾಳೆ ಹರಡಿ, ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕುಳಿತು ಗುರುತು ಹಾಕಿದೆವು. ಘೋಷಣೆಗೆ ಅಧಿಕಾರಿಯ ಸಹಿ ಬಿತ್ತು, ಒಳಲಕೋಟೆ ಹೊರಲಕೋಟೆ ಅಂಟಿಸಿದ್ದಾಯಿತು, ಈಗ ಅವು ದಾರಿಯಲ್ಲಿವೆ. ಜೂನ್ 4ರ ಬೆಳಿಗ್ಗೆ ಎಂಟರೊಳಗೆ ಬಾಗಲಕೋಟೆ ಮುಟ್ಟಬೇಕು.

ಶಾಯಿಯ ವಿಷಯ ಓದಿ ಇದನ್ನು ಬರೆಯಬೇಕೆನಿಸಿತು. ನಮಗೆ ಶಾಯಿ ಇಲ್ಲ. ಊರಿನಲ್ಲಿ ಅತ್ತೆಯವರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುವಾಗ, ಮತದಾನದ ಸುದ್ದಿ ಬಂದು, ಆರು ವರ್ಷದ ನನ್ನ ಮಗಳು ‘ನೀವು ವೋಟ್ ಹಾಕಿದ್ದು ಸುಳ್ಳು, ಬೆರಳು ತೋರಿಸು’ ಎಂದು ಹಟಕ್ಕೆ ಬಿದ್ದಳು. ಕೊನೆಗೆ ಅವಳೇ ಸ್ಕೆಚ್ ಪೆನ್ ತಂದು ಅಪ್ಪನ ಬೆರಳಿಗೊಂದು, ನನ್ನ ಬೆರಳಿಗೊಂದು ಗೀರಿದಳು. ಅವರು ಮರುದಿನ ಬೆಳಿಗ್ಗೆ ಪೆರೇಡಿಗೆ ಹೋಗುವ ಮುನ್ನ ಅದನ್ನು ತಿಕ್ಕಿ ತೊಳೆದುಕೊಳ್ಳುತ್ತಿದ್ದರು. ಹದಿನೈದು ವರ್ಷದ ಸೇವೆಯಲ್ಲಿ ಅವರ ಬೆರಳಿನ ಮೇಲೆ ಮತದ ಗುರುತು ಇದ್ದದ್ದು ಆ ಒಂದು ರಾತ್ರಿ.

ಬನಶಂಕರಿ ಎರಡನೇ ಹಂತ | 1 ಮೇ 2024

ಒಂದು ಸಲಹೆ. ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗುವ ಅನುಕೂಲವಿದೆ. ಮಾಜಿ ಸೈನಿಕರಿಗೂ ಅದನ್ನು ವಿಸ್ತರಿಸಬೇಕೆಂದು ನಾವೆಲ್ಲ ಸೇರಿ ಮನವಿ ಸಲ್ಲಿಸಿದರೆ ಹೇಗೆ? ಕೃತಜ್ಞತೆಗೆ ಅದೊಂದು ನಿಜವಾದ ರೂಪವಾಗುತ್ತದೆ.

ನಿವೃತ್ತ ಹವಾಲ್ದಾರ್, ಕುಂದಗೋಳ ತಾಲೂಕು | 2 ಮೇ 2024

ದಯವಿಟ್ಟು ಬೇಡ ತಮ್ಮಾ. ನಿಮ್ಮ ಮನಸ್ಸು ದೊಡ್ಡದು, ಆದರೆ ಆ ಸಾಲನ್ನು ನನ್ನಿಂದ ಕಸಿದುಕೊಳ್ಳಬೇಡಿ. ಸೈನ್ಯದಲ್ಲಿ ಅಧಿಕಾರಿಗಳ ಮೆಸ್ ಬೇರೆ, ಸುಬೇದಾರರಂಥ ಜೆಸಿಒಗಳ ಮೆಸ್ ಬೇರೆ, ಊಟಕ್ಕೆ ನಮ್ಮ ಲಂಗರ್ ಬೇರೆ. ಅದು ತಪ್ಪೆಂದು ಹೇಳುತ್ತಿಲ್ಲ, ಸೈನ್ಯ ನಡೆಯುವುದೇ ಹಾಗೆ. ರಾಜಕೀಯದ ಬಗ್ಗೆ ಬಾಯಿ ತೆರೆಯುವ ಹಾಗೂ ಇಲ್ಲ. ಸಭೆಗೆ ಹೋಗುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ. 2008ರಲ್ಲಿ ಮನೆಗೆ ಬಂದ ಮೇಲೆ ಮುಂದಿನ ವರ್ಷದ ಲೋಕಸಭೆಗೆ ನಮ್ಮೂರ ಕನ್ನಡ ಶಾಲೆಯಲ್ಲಿ ಸಾಲು ನಿಂತಾಗ, ನನ್ನ ಮುಂದೆ ನಮ್ಮ ಓಣಿಯ ಗೌಡರಿದ್ದರು, ಹಿಂದೆ ಅವರ ಹೊಲದಲ್ಲಿ ದುಡಿಯುವ ಆಳು ನಿಂತಿದ್ದ. ಯಾರೂ ಯಾರಿಗೂ ಸೆಲ್ಯೂಟ್ ಹೊಡೆಯಬೇಕಾಗಿರಲಿಲ್ಲ. ಮುಕ್ಕಾಲು ತಾಸು ನಿಂತೆ. ಮೊಣಕಾಲು ನೋಯುತ್ತಿತ್ತು, ನಿಜ ಹೇಳಬೇಕೆಂದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದಿತ್ತು.

ಮೇಷ್ಟ್ರು ಹೇಳಿದ್ದರಲ್ಲಿ ನನಗೆ ಬೇಸರವಿಲ್ಲ. ಮತ ನಾವು ಕೊಟ್ಟದ್ದಲ್ಲ. ನಮಗೂ ಅದು ಬೇಕಾಗಿತ್ತು, ಅಷ್ಟೇ.

ಸೋಮವಾರಪೇಟೆಯ ಮೊಮ್ಮಗಳು | 4 ಮೇ 2024

ಶನಿವಾರವಾದ್ದರಿಂದ ಊರಿಗೆ ಬಂದಿದ್ದೇನೆ. ಇಲ್ಲಿ ಬಂದ ಎಲ್ಲವನ್ನೂ ಮಧ್ಯಾಹ್ನ ಅಜ್ಜನಿಗೆ ಓದಿ ಹೇಳಿದೆ. ಕಾಫಿ ಕಣದ ಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿಸಿಕೊಂಡರು. ಮೇಷ್ಟ್ರು ಬರೆದದ್ದನ್ನು ಎರಡು ಸಲ ಓದಿಸಿದರು, ‘ಸರಿಯಾಗಿ ಹೇಳಿದ್ದಾರೆ’ ಎಂದರು. ತಕ್ಕಡಿ ಗುರುತಿನ ವಿಷಯ ಬಂದಾಗ ಮಾತ್ರ ಅವರ ಅಪ್ಪ ಯಾವ ಕಡೆಯಿದ್ದರು, ಚಿಕ್ಕಪ್ಪ ಯಾವ ಕಡೆಯಿದ್ದರು, ಆ ಜಗಳದಲ್ಲಿ ಒಂದು ಮದುವೆಯ ಮಾತುಕತೆ ಹೇಗೆ ಮುರಿದುಬಿತ್ತು ಎಂದು ಅರ್ಧ ಗಂಟೆ ಬೇರೆ ಕಥೆಯೇ ನಡೆಯಿತು. ಅದನ್ನು ಇಲ್ಲಿ ಬರೆದರೆ ಮನೆಗೆ ಸೇರಿಸುವುದಿಲ್ಲ. ಸ್ಕೆಚ್ ಪೆನ್ನಿನ ಮಾತು ಕೇಳಿ ಅಜ್ಜಿ ಒಳಗಿನಿಂದ ಬಂದು ನಿಂತರು. ಅಜ್ಜನ ಸೇವೆಯ ಕಾಲದಲ್ಲಿ ಮೂವರು ಮಕ್ಕಳನ್ನು ಕಟ್ಟಿಕೊಂಡು, ತೋಟ ನೋಡಿಕೊಂಡು, ಪ್ರತಿ ಚುನಾವಣೆಯಲ್ಲೂ ಒಬ್ಬರೇ ಹೋಗಿ ಮತ ಹಾಕಿ ಬಂದವರು ಅವರು. ನನ್ನ ಮೊದಲ ಬರಹದಲ್ಲಿ ಅವರ ಹೆಸರೇ ಇರಲಿಲ್ಲವೆಂದು ಆಗ ಹೊಳೆಯಿತು.

ಹವಾಲ್ದಾರ್ ಮಾವನವರು ಹೇಳಿದ ಯಂತ್ರದ ವಿಷಯ. ಅಜ್ಜನ ಪಿಂಚಣಿಗೂ ಪ್ರತಿ ವರ್ಷ ಅದೇ ಪಾಡು ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಕರೆದುಕೊಂಡು ಹೋಗುತ್ತಿದ್ದರು, ಮೂರು ನಾಲ್ಕು ಬೆರಳು ಬದಲಿಸಿದ ಮೇಲೆ ಯಾವುದೋ ಒಂದನ್ನು ಯಂತ್ರ ಒಪ್ಪುತ್ತಿತ್ತು. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಜೀವಿತ ಪ್ರಮಾಣಪತ್ರ ಕೊಡಬಹುದೆಂದು ತಿಳಿದುಕೊಂಡೆ, ಆ್ಯಪ್ ಹಾಕಿಟ್ಟಿದ್ದೇನೆ. ನಮ್ಮೂರಿನಲ್ಲೇ ಇನ್ನೂ ನಾಲ್ವರು ಮಾಜಿ ಸೈನಿಕರಿದ್ದಾರೆ, ಇಬ್ಬರು ಸೈನಿಕರ ವಿಧವೆಯರಿದ್ದಾರೆ. ನವೆಂಬರಿನ ಮೊದಲ ಭಾನುವಾರ ಎಲ್ಲರೂ ನಮ್ಮ ಮನೆಗೆ ಬರಲಿ ಎಂದು ಅಜ್ಜಿ ಈಗಲೇ ಹೇಳಿಯಾಗಿದೆ, ಕಡುಬು ಮಾಡುತ್ತಾರಂತೆ.

ಕೊನೆಗೆ ಅಜ್ಜ ಒಂದೇ ಪ್ರಶ್ನೆ ಕೇಳಿದರು, ಅದೂ ಹವಾಲ್ದಾರರಿಗೆ: ‘1999ರಲ್ಲಿ ಕಣಿವೆಯಲ್ಲಿದ್ದದ್ದು ಯಾವ ಪಲ್ಟನ್ ಎಂದು ಕೇಳು.’

ನಿವೃತ್ತ ಹವಾಲ್ದಾರ್, ಕುಂದಗೋಳ ತಾಲೂಕು | 7 ಮೇ 2024

ಬೆಳಿಗ್ಗೆ ಎಂಟಕ್ಕೇ ಮತ ಹಾಕಿ ಬಂದೆ. ಬಿಸಿಲು ಬಹಳ ಇತ್ತು, ಆದರೂ ಸಾಲು ಶಾಲೆಯ ಗೇಟಿನ ಹೊರಗೂ ಇತ್ತು. ಬನಶಂಕರಿಯ ತಮ್ಮನಿಗೆ ತೋರಿಸಲೆಂದು ಬೆರಳಿನ ಫೋಟೊ ತೆಗೆದೆ, ಅದು ಮಬ್ಬಾಗಿ ಬಂದಿದೆ, ಇರಲಿ.

ತಂಗಿ, ಸುಬೇದಾರ್ ಸಾಹೇಬರಿಗೆ ಹೇಳಿರಿ: ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯವನು, ತರಬೇತಿ ಬೆಳಗಾವಿಯಲ್ಲಿ. ನಮ್ಮ ಮುಂದೆ ಮೈನು ತೆಗೆದು ದಾರಿ ಬಿಡಿಸಿಕೊಡುತ್ತಿದ್ದವರು ನಾವು ತಂಬಿಗಳೆಂದು ಕರೆಯುವ ಅವರ ಗ್ರೂಪಿನ ಸೈನಿಕರೇ. ಅವರು ಬಿಳಿ ಪಟ್ಟಿ ಕಟ್ಟಿದ ದಾರಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದವರು ನಾವು. ಜೈ ಹಿಂದ್, ಸಾಹೇಬ್.